ರಕ್ತಸಂಬಂಧದ ಮದುವೆ ಪಾಠಕ್ಕೆ ಮಕ್ಕಳು ಮುಖ ತಿರುಗಿಸಿದರೆ

ರಕ್ತಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ಕಾಯಿಲೆ ಬರುವ ಅಪಾಯ ಹೆಚ್ಚು ಅಂತ ಪಾಠ ಮಾಡುವಾಗ ಪಿಯುಸಿ ಮಕ್ಕಳು ಮುಖ ಗಂಟು ಹಾಕಿಕೊಂಡು ಕೂತರು, ಏನು ಮಾಡಲಿ ಅಂದಿರಿ. ಬಹುಶಃ ಅದು ಅವರಿಗೆ ಅಪ್ಪ ಅಮ್ಮನನ್ನೇ ಬೈದ ಹಾಗೆ ಕೇಳಿಸಿದೆ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದ ತಾಯಂದಿರು ನಮ್ಮ ಕಡೆ ಕಡಿಮೆಯೇನಲ್ಲ ಅಲ್ವಾ? ನನ್ನ ತರಗತಿಯಲ್ಲೂ ಹೀಗೇ ಆಗಿತ್ತು.

ಮದುವೆ ಮಾತು ಮೊದಲೇ ಎತ್ತಬೇಡಿ. ಎರಡು ಚೀಲ ತನ್ನಿ, ಪ್ರತಿಯೊಂದರಲ್ಲೂ ಒಂದು ಕೆಂಪು, ಒಂದು ಬಿಳಿ ಮಣಿ. ಎರಡರಿಂದಲೂ ಒಂದೊಂದು ತೆಗೆಸಿ, ಬರೆದುಕೊಂಡು ವಾಪಸ್ ಹಾಕಿಸಿ. 40 ಸಲ ಮಾಡಿದರೆ ಸುಮಾರು 10 ಸಲ ಎರಡೂ ಕೆಂಪು. ಥಲಸ್ಸೇಮಿಯಾ ಅನ್ನೋ ಆನುವಂಶಿಕ ರಕ್ತದ ಕಾಯಿಲೆ ಬರುವುದೂ ಹೀಗೇ. ಚೀಲಗಳು ಅಪ್ಪ ಅಮ್ಮ, ಕೆಂಪು ಮಣಿ ದೋಷವಿರುವ ಜೀನ್: ಇಬ್ಬರೂ ವಾಹಕರಾದರೆ, ಅಂದರೆ ಇಬ್ಬರಲ್ಲೂ ಅಂಥ ಜೀನ್ ಒಂದೊಂದಿದ್ದರೆ, ಅವರು ಆರೋಗ್ಯವಾಗಿದ್ದರೂ, ಪ್ರತಿ ಮಗುವಿಗೂ 25% ಅಪಾಯ. ಆಮೇಲೆ ಕೇಳಿ: ಎರಡೂ ಚೀಲದ ಕೆಂಪು ಮಣಿ ಒಂದೇ ಅಜ್ಜಿಯಿಂದ ಬಂದಿದ್ದರೆ? ಉಳಿದದ್ದು ಅವರೇ ಹೇಳುತ್ತಾರೆ.

ಅಂಕಿ ಕೇಳಿದರೆ ಸುಮ್ನೆ ಹೆದರಿಸಬೇಡಿ. ಹುಟ್ಟಿನಿಂದ ಬರುವ ದೋಷ ಸಾಮಾನ್ಯವಾಗಿ 2-3%. ಅತ್ತೆ ಮಗ, ಮಾವನ ಮಗಳು ಮದುವೆಯಾದರೆ ಹೆಚ್ಚುಕಮ್ಮಿ ಎರಡರಷ್ಟು. ಸೋದರಮಾವನ ಜೊತೆಯಾದರೆ ಸಂಬಂಧ ಇನ್ನೂ ಹತ್ತಿರ, ಆದರೆ ಅಂಕಿ ಅಧ್ಯಯನಕ್ಕೊಂದು ಥರ. ಒಂದೇ ಸಂಖ್ಯೆಗೆ ಅಂಟಿಕೊಳ್ಳಬೇಡಿ.

ಮನೆಯ ವಂಶವೃಕ್ಷ ಮಾತ್ರ ಬರೆಸಲೇಬೇಡಿ. ಮದುವೆಗೆ ಮುಂಚೆ ಹಿಮೋಗ್ಲೋಬಿನ್ ಎ2 ರಕ್ತಪರೀಕ್ಷೆ ಮಾಡಿಸಿದರೆ ಬೀಟಾ ಬಗೆಯ ಥಲಸ್ಸೇಮಿಯಾ ವಾಹಕರಾ ಎಂದು ಸಾಮಾನ್ಯವಾಗಿ ಗೊತ್ತಾಗುತ್ತದೆ ಅಂತ ಬೋರ್ಡ್ ಮೇಲೆ ಬರೆದು ಬಿಡಿ.