ಪಾಲಿಸಿ ಬಿಡಬೇಡಿ, ನೋಟಿಸ್ ಓದಿ

ಪ್ರಶ್ನೆ: ನಮ್ಮದು ಎಪಿಎಲ್ ಕಾರ್ಡ್. ಅಪ್ಪನಿಗೆ 66 ವರ್ಷ, ಸಕ್ಕರೆ ಕಾಯಿಲೆ ಇದೆ. ಆರೋಗ್ಯ ವಿಮೆಯ ಕಂತು ಭಾರವಾಗಿದೆ. ಪಾಲಿಸಿ ಬಿಟ್ಟು ಸರ್ಕಾರಿ ಯೋಜನೆಯನ್ನೇ ನಂಬಬಹುದೇ?
— ಓದುಗರು, ಜಮಖಂಡಿ

ಉತ್ತರ: ಖಂಡಿತ ಬಿಡಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ (ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಅಂದರೆ 1 ಲಕ್ಷದ ಪ್ಯಾಕೇಜಿಗೆ 70 ಸಾವಿರ ನಿಮ್ಮ ಕೈಯಿಂದಲೇ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯೂ ಬೇಕು. ಹಲವರು ಎಡವುವುದು ಇಲ್ಲೇ: ನೇರ ಬೆಳಗಾವಿಗೆ ಹೋಗಿ ಅಡ್ಮಿಟ್ ಆದಮೇಲೆ ಚೀಟಿಗೆ ಓಡಾಡುತ್ತಾರೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ, ಫ್ಯಾಮಿಲಿ ಫ್ಲೋಟರ್ (ಇಡೀ ಕುಟುಂಬಕ್ಕೆ ಒಂದೇ) ಪಾಲಿಸಿಗಳ ಮೇಲಿದ್ದ ಶೇ 18 ಜಿಎಸ್‌ಟಿ ಹೋಗಿದೆ. 23,600 ರೂ. ಕಟ್ಟುತ್ತಿದ್ದವರಿಗೆ ಈಗ ಬರಬೇಕಾದದ್ದು 20,000. ನವೀಕರಣದ ನೋಟಿಸಿನಲ್ಲಿ ತೆರಿಗೆಗೆ ಮುಂಚಿನ ಮೂಲ ಕಂತನ್ನು ಕಳೆದ ವರ್ಷದ್ದರ ಜೊತೆ ಇಟ್ಟು ನೋಡಿ. 60 ದಾಟಿದವರಿಗೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಜೊತೆ ಸಮಾಲೋಚಿಸಲೇಬೇಕು. ಅದಕ್ಕಿಂತ ಏರಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ. ಬ್ಯಾಂಕು ಕೊಡುವ ಗುಂಪು ವಿಮೆಗೆ ಈ ತೆರಿಗೆ ವಿನಾಯಿತಿ ಇಲ್ಲ.

ಈಗ ಬಿಟ್ಟು ಮುಂದೆ ಹೊಸದು ತೆಗೆದರೆ ಸಕ್ಕರೆ ಕಾಯಿಲೆಗೆ 36 ತಿಂಗಳವರೆಗಿನ ಕಾಯುವ ಅವಧಿ (ಆ ಕಾಯಿಲೆಗೆ ವಿಮೆ ಹಣ ಸಿಗದ ಕಾಲ) ಮೊದಲಿಂದ ಶುರುವಾಗಬಹುದು. ಊರಿನ ಪಿಕೆಪಿಎಸ್‌ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ) ಸದಸ್ಯರಾಗಿದ್ದರೆ, ಸಹಕಾರಿ ಸದಸ್ಯರ ಆರೋಗ್ಯ ಯೋಜನೆಯಾದ ಯಶಸ್ವಿನಿಯ ನೋಂದಣಿ ಯಾವಾಗ ಎಂದು ಕಾರ್ಯದರ್ಶಿಯನ್ನು ವಿಚಾರಿಸಿ.