ಸೆಂಡ್ ಒತ್ತಿದ್ದು ನಾನೇ, ಹಾಗಂತ ತಪ್ಪೆಲ್ಲ ನನ್ನದೇನಾ?

ಪ್ರಶ್ನೆ: ನಮ್ಮದು ಐದು ಜನರ ಟೀಮ್. ಒಂದು ದೊಡ್ಡ ಕೆಲಸಕ್ಕೆ ಕೊಟೇಶನ್ ಕಳಿಸಬೇಕಿತ್ತು. ಎಲ್ಲರೂ ಕೊಟ್ಟಿದ್ದನ್ನು ಸೇರಿಸಿ ಫೈಲ್ ಕಳಿಸಿದ್ದು ನಾನು. ಅದರಲ್ಲಿ ಒಂದು ಮೊತ್ತ ತಪ್ಪಿತ್ತು. ಆ ಲೆಕ್ಕ ಹಾಕಿದ್ದು ನನ್ನ ಸೀನಿಯರ್, ನನಗೆ ಕೆಲಸ ಕಲಿಸಿದವರು. ಎರಡು ದಿನ ಮೊದಲೇ ಅನುಮಾನ ಬಂದು ಗ್ರೂಪ್‌ನಲ್ಲಿ 'ಈ ಟೋಟಲ್ ಸರಿ ಇದೆಯಾ, ಯಾರಾದ್ರೂ ನೋಡ್ತೀರಾ?' ಅಂತ ಹಾಕಿದ್ದೆ. ಎಲ್ಲರೂ ಓದಿದರು, ಯಾರೂ ಉತ್ತರ ಕೊಡಲಿಲ್ಲ. ನಾನೂ ಸುಮ್ಮನಾದೆ. ಕೆಲಸ ಕೈತಪ್ಪಿತು. ಮೊತ್ತ ತಾಳೆಯಾಗುತ್ತಿಲ್ಲ, ಮುಗಿಸಲು ಕೇಳಿದ ಸಮಯವೂ ಜಾಸ್ತಿಯಾಯಿತು ಎಂದು ಕ್ಲೈಂಟ್ ಹೇಳಿದ್ದಾರೆ. ಮೀಟಿಂಗ್‌ನಲ್ಲಿ ಮ್ಯಾನೇಜರ್ 'ಕೊನೆಗೆ ನೋಡಿದ್ದು ನೀವೇ ಅಲ್ವಾ?' ಎಂದರು. ಸೀನಿಯರ್ ತಲೆ ತಗ್ಗಿಸಿ ಕೂತಿದ್ದರು. ತಪ್ಪು ಒಪ್ಪಿಕೊಂಡು ಮುಗಿಸಿಬಿಡಲೇ, ಅವರ ಹೆಸರು ಹೇಳಲೇ? ನನ್ನಿಂದಲೇ ಎಲ್ಲ ಹಾಳಾಯಿತು ಅನಿಸುತ್ತಿದೆ.
ಇಂತಿ, ನಿದ್ದೆಗೆಟ್ಟವಳು

ಉತ್ತರ: ಮೊದಲು ಒಂದು ಫುಟ್‌ಬಾಲ್ ಕಥೆ. ನಿಮಗೆ ಆಟದ ಗಂಧಗಾಳಿ ಇಲ್ಲದಿದ್ದರೂ ಪರವಾಗಿಲ್ಲ.

1994ರ ವಿಶ್ವಕಪ್ ಫೈನಲ್, ಬ್ರೆಜಿಲ್ ಮತ್ತು ಇಟಲಿ. 120 ನಿಮಿಷ ಆಡಿದರೂ ಒಂದು ಗೋಲಿಲ್ಲ, ಪೆನಾಲ್ಟಿಗೆ ಹೋಯಿತು. ಅಂದರೆ ಎರಡೂ ತಂಡಗಳು ಸರದಿಯಂತೆ ಐದೈದು ಸಲ ಗೋಲಿಗೆ ಒದೆಯಬೇಕು, ಹೆಚ್ಚು ಗೋಲು ಹೊಡೆದವರು ಗೆದ್ದಂತೆ. ಇಟಲಿಯ ಐದನೇ ಒದೆತ ರಾಬರ್ಟೊ ಬ್ಯಾಜಿಯೊ ಅವರದು. ಚೆಂಡು ಗೋಲಿನ ಮೇಲಿಂದ ಹಾರಿಹೋಯಿತು, ಇಟಲಿ ಸೋತಿತು. ಅವರು ಸೊಂಟಕ್ಕೆ ಕೈಕೊಟ್ಟು ತಲೆ ಬಗ್ಗಿಸಿ ನಿಂತ ಚಿತ್ರ ಇವತ್ತಿಗೂ ಓಡಾಡುತ್ತಿದೆ. ಆದರೆ ಅದಕ್ಕೂ ಮೊದಲು ಇಟಲಿಯವರೇ ಆದ ಬರೇಸಿ ಒದ್ದದ್ದೂ ಮೇಲೆ ಹೋಗಿತ್ತು, ಮಸ್ಸಾರೊ ಒದ್ದದ್ದನ್ನು ಗೋಲ್‌ಕೀಪರ್ ತಡೆದಿದ್ದರು. ಬ್ಯಾಜಿಯೊ ಗೋಲು ಹೊಡೆದಿದ್ದರೂ ಲೆಕ್ಕ 3-3 ಆಗುತ್ತಿತ್ತು ಅಷ್ಟೇ, ಬ್ರೆಜಿಲ್‌ಗೆ ಇನ್ನೂ ಒಂದು ಒದೆತ ಬಾಕಿ ಇತ್ತು. ಇನ್ನೊಂದು ತಮಾಷೆ ನೋಡಿ, ನಾಕೌಟ್ ಪಂದ್ಯಗಳಲ್ಲಿ ಐದು ಗೋಲು ಹೊಡೆದು ತಂಡವನ್ನು ಫೈನಲ್ ತನಕ ಎಳೆದು ತಂದಿದ್ದೂ ಇದೇ ಬ್ಯಾಜಿಯೊ.

ಗುಂಪಿನ ಕೆಲಸ ಕೆಟ್ಟಾಗ ಜನರ ಕಣ್ಣು ಕೊನೆಯ ಕೈ ಮೇಲೆ ನಿಲ್ಲುತ್ತದೆ. ಹಿಂದಿನವರು ಮಾಡಿದ್ದೆಲ್ಲ ಆಗಿಹೋದದ್ದು ಅನಿಸುತ್ತದೆ, ಕೊನೆಯವರು ಮಾತ್ರ 'ಹಾಗೆ ಮಾಡದೆ ಹೀಗೆ ಮಾಡಬಹುದಿತ್ತಲ್ಲ' ಅನಿಸುತ್ತದೆ. ನಿಮ್ಮ ಮ್ಯಾನೇಜರ್ ಮಾಡಿದ್ದೂ ಇದನ್ನೇ, ಕೈಗೆ ಸಿಕ್ಕವರ ಮೇಲೆ ಗೂಬೆ ಕೂರಿಸಿದರು. ಅಂದಹಾಗೆ, ಆ ಉದ್ದದ ಟೈಮ್ ಪ್ಲಾನ್ ಬರೆದವರು ಯಾರು? ನೀವು ಹೇಳಿಲ್ಲ, ಮೀಟಿಂಗ್‌ನಲ್ಲೂ ಯಾರೂ ಕೇಳಿದಂತಿಲ್ಲ. ಮೊತ್ತ ಸರಿ ಇದ್ದಿದ್ದರೆ ಕೆಲಸ ಸಿಕ್ಕೇ ಸಿಗುತ್ತಿತ್ತು ಅಂತ ಯಾರು ಬರೆದುಕೊಡುತ್ತಾರೆ?

ಆದರೆ ನನಗೆ ಮ್ಯಾನೇಜರ್ ಮಾತಿಗಿಂತ ನಿಮ್ಮ ಮಾತೇ ಜಾಸ್ತಿ ಕಾಡಿತು. 'ನನ್ನಿಂದಲೇ ಎಲ್ಲ'. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೇಳಿದರು: ಮನೆಯ ಇಂತಿಂಥ ಕೆಲಸದಲ್ಲಿ ನಿಮ್ಮ ಪಾಲು ಎಷ್ಟು? ಇಬ್ಬರ ಪಾಲನ್ನೂ ಕೂಡಿಸಿದರೆ ಸಾಮಾನ್ಯವಾಗಿ ನೂರಕ್ಕಿಂತ ಜಾಸ್ತಿಯೇ ಬಂತು. ಅದರಲ್ಲೇನು ವಿಶೇಷ, ಎಲ್ಲರೂ ಹೊಗಳಿಕೊಳ್ಳುತ್ತಾರೆ ಅನ್ನಬಹುದು. ಆದರೆ ಜಗಳ ಶುರು ಮಾಡುವಂಥ ಕೆಟ್ಟ ವಿಷಯಗಳಲ್ಲೂ ಹೀಗೇ ಆಯಿತು. ಕಾರಣ ಸರಳ. ನಾವು ಮಾಡಿದ್ದು ನಮಗೆ ಬೇಗ ನೆನಪಾಗುತ್ತದೆ, ಬೇರೆಯವರದು ಆಗಲ್ಲ. ನೀವು ಸೆಂಡ್ ಒತ್ತಿದ ಗಳಿಗೆ ನಿಮ್ಮ ತಲೆಯಲ್ಲಿ ರಾತ್ರಿಯಿಡೀ ಓಡುತ್ತಿದೆ. ಸೀನಿಯರ್ ಆ ಟೋಟಲ್ ಟೈಪ್ ಮಾಡಿದ ಗಳಿಗೆಯನ್ನು ನೀವು ನೋಡಿಯೇ ಇಲ್ಲ.

ಇನ್ನು ನಿಮಗೆ ರುಚಿಸದ ಮಾತು. ಹತ್ತು ಜನರ ನಡುವೆ ಹಾವು ಸಾಯಲ್ಲ ಅಂತಾರಲ್ಲ, ನಿಮ್ಮ ಗ್ರೂಪ್‌ನಲ್ಲಿ ನಡೆದದ್ದು ಅದೇ. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಬೇರೆ ಬೇರೆ ಕೋಣೆಯಲ್ಲಿ ಕೂತವರು ಮೈಕಿನಲ್ಲಿ ಮಾತಾಡುತ್ತಿರುವಾಗ ಒಬ್ಬನಿಗೆ ಫಿಟ್ಸ್ ಬಂದಂತೆ ಕೇಳಿಸಿದರು. ಕೇಳುತ್ತಿರುವುದು ತಾನೊಬ್ಬನೇ ಅಂದುಕೊಂಡವರಲ್ಲಿ ನೂರಕ್ಕೆ 85 ಮಂದಿ ಆ ನರಳಾಟ ನಿಲ್ಲುವ ಮೊದಲೇ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ನೂರಕ್ಕೆ 31 ಮಂದಿ ಮಾತ್ರ. ಏಳದವರು ಕಲ್ಲುಮನಸ್ಸಿನವರೂ ಅಲ್ಲ, ಎಷ್ಟೋ ಜನರ ಕೈ ನಡುಗುತ್ತಿತ್ತಂತೆ. ನಿಮ್ಮ ಮೆಸೇಜಿನಲ್ಲಿ ಎಡವಟ್ಟು ಮಾಡಿದ್ದು 'ಯಾರಾದ್ರೂ' ಅನ್ನೋ ಪದ. ಲೆಕ್ಕ ಹಾಕಿದವರು ಯಾರೆಂದು ನಿಮಗೆ ಗೊತ್ತಿತ್ತು. ಅವರಿಗೇ ಫೋನ್ ಮಾಡಲಿಲ್ಲ. ಅನುಮಾನ ಇಟ್ಟುಕೊಂಡೇ ಫೈಲ್ ಕಳಿಸಿದಿರಿ. ಇದು ನಿಮ್ಮ ಪಾಲು, ಇದನ್ನು ಒಪ್ಪಿಕೊಳ್ಳಿ. ಉಳಿದದ್ದನ್ನು ಮೈಮೇಲೆ ಎಳೆದುಕೊಳ್ಳಬೇಡಿ. ಎಲ್ಲ ನನ್ನದೇ ತಪ್ಪು ಅಂದುಬಿಟ್ಟರೆ ಎಲ್ಲರಿಗೂ ಹಾಯೆನಿಸಬಹುದು, ಆದರೆ ಆ ಲೆಕ್ಕದ ಶೀಟನ್ನು ಯಾರೂ ತಿರುಗಿ ನೋಡಲ್ಲ, ಟೈಮ್ ಪ್ಲಾನ್ ಹಾಗೇ ಇರುತ್ತದೆ, ಮುಂದಿನ ಕೊಟೇಶನ್ನೂ ಇದೇ ದಾರಿ ಹಿಡಿಯುತ್ತದೆ.

ಮ್ಯಾನೇಜರ್ ಹತ್ತಿರ ಹೋಗುವ ಮೊದಲು ಸೀನಿಯರ್ ಹತ್ತಿರ ಹೋಗಿ. 'ಸರ್, ಆ ಟೋಟಲ್ ಬಗ್ಗೆ ಮ್ಯಾನೇಜರ್‌ಗೆ ಬರೆಯುತ್ತಿದ್ದೇನೆ, ನೀವೇ ಮೊದಲು ಹೇಳುವುದಾದರೆ ಸಂಜೆ ತನಕ ಕಾಯುತ್ತೇನೆ' ಎನ್ನಿ. ಬೆದರಿಕೆಯ ಧ್ವನಿ ಬೇಡ. ಅವರು ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೂ ಬರೆಯಿರಿ: ಮೊತ್ತ ಯಾರ ಶೀಟಿನಿಂದ ಬಂತು, ನಿಮಗೆ ಯಾವತ್ತು ಅನುಮಾನ ಬಂತು, ನೀವು ಏನು ಮಾಡಲಿಲ್ಲ, ಸಮಯದ ಬಗ್ಗೆ ಕ್ಲೈಂಟ್ ಏನು ಹೇಳಿದರು. ನಾಲ್ಕೈದು ಸಾಲು ಸಾಕು. ಅವರು ಬೇಕಂತಲೇ ಸುಮ್ಮನಿದ್ದರು ಎಂಬಂಥ ಊಹೆ ಒಂದೂ ಬೇಡ. ಗ್ರೂಪಿನ ಸ್ಕ್ರೀನ್‌ಶಾಟ್ ಅಂಟಿಸುವ ಆಸೆಯಾಗುತ್ತದೆ, ಅದೂ ಬೇಡ. ಆ ಸ್ಕ್ರೀನ್‌ಶಾಟಿನಲ್ಲಿ ಆಮೇಲಿನ ಎರಡು ದಿನ ನೀವು ಸುಮ್ಮನಿದ್ದದ್ದೂ ಕಾಣುತ್ತದೆ.

ಸಲಹೆ ಕೇಳಿ ಒಂದು ವಾರ ಯೋಚನೆ ಮಾಡುವವರು ನೀವಲ್ಲದಿರಲಿ. ನಾಳೆ ಸೀನಿಯರ್ ಬಂದು ಕೂತ ಕೂಡಲೇ ಹೋಗಿ. ಮೇಲ್ ಕಳಿಸುವ ಮುಂಚೆ ಒಂದು ಸಲ ಅವರಿಗೇ ತೋರಿಸಿ, 'ಇದರಲ್ಲಿ ತಪ್ಪೇನಾದರೂ ಇದೆಯಾ?' ಅಂತ ಕೇಳಿ. ಈ ಸಲ ಹೆಸರು ಹಿಡಿದು ಕೇಳಿ, ಉತ್ತರ ಬರುವ ತನಕ ಅಲ್ಲೇ ನಿಂತಿರಿ.