ಅಣ್ಣನ ಮಾತಿಗೂ ಒಂದು ಜಾಡಿದೆ

ನಮಸ್ಕಾರ,

ಪಾಂಡವಪುರದ ಕಡೆಯ ಹಳ್ಳಿಯಲ್ಲಿ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಬಂದ ಅಣ್ಣ, ಅವನನ್ನು ನೋಡಿಕೊಳ್ಳುವ ತಂಗಿ. ನಿಮ್ಮ ಕಥೆ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವ ಕಥೆಯೂ ಅಲ್ಲ. ಅಣ್ಣ ಮುದ್ದೆ ಮುರಿಯುವವರೆಗೂ ತಂಗಿ ತನ್ನ ತಟ್ಟೆ ಮುಟ್ಟದೆ ಕೂರುತ್ತಾಳಲ್ಲ, ಆ ಪುಟ ನನಗೆ ತುಂಬಾ ಹಿಡಿಸಿತು.

ತೊಂದರೆ ಇರುವುದು ಅಣ್ಣನ ಮಾತಿನಲ್ಲಿ. "ಚಂದ್ರ, ಚಪ್ಪಲಿ, ಏಳು, ಸಮುದ್ರ" ಅಂತ ಸುಮ್ನೆ ಕೈಗೆ ಸಿಕ್ಕ ಪದ ಪೋಣಿಸಿದ್ದೀರಿ. ಕಾಯಿಲೆ ತೀರಾ ಜೋರಾದಾಗ ಮಾತು ಅಷ್ಟು ಚೂರಾಗುವುದುಂಟು. ಜಾಸ್ತಿ ಕಾಣುವುದು ಹಳಿ ತಪ್ಪುವ ಮಾತು. ಒಂದು ವಾಕ್ಯಕ್ಕೂ ಮುಂದಿನದಕ್ಕೂ ಏನೋ ಒಂದು ಎಳೆ ಇರುತ್ತದೆ, ಒಟ್ಟು ಮಾತು ಮಾತ್ರ ಎಲ್ಲಿಗೂ ಮುಟ್ಟುವುದಿಲ್ಲ. ಈ ಕಾಯಿಲೆಗೆ ಹೆಸರಿಟ್ಟ ಸ್ವಿಸ್ ವೈದ್ಯ ಬ್ಲಾಯ್ಲರ್ ಅವರು 1911ರಲ್ಲೇ, ಯೋಚನೆಗಳ ನಡುವಿನ ಕೊಂಡಿ ಸಡಿಲವಾಗುವುದನ್ನು ಇದರ ಮುಖ್ಯ ಲಕ್ಷಣಗಳಲ್ಲಿ ಸೇರಿಸಿದ್ದರು. ಕೆಲವು ಸಲ ಅರ್ಥ ಹಿಂದೆ ಉಳಿದು, ಪದದ ಸದ್ದೇ ಮಾತನ್ನು ಎಳೆದುಕೊಂಡು ಹೋಗುತ್ತದೆ. ನಿಮ್ಮ ಅಣ್ಣ ಹೀಗೆ ಮಾತಾಡಬಹುದು:

"ನಾಲೆಗೆ ನೀರು ಬುಟ್ಟವ್ರೆ. ನಾಳೆ ಬತ್ತರೆ. ಬತ್ತ ನಾಟಿ ಆಗ್ಬೇಕು. ನಾಟಿ ಕೋಳಿ ನಮ್ದಲ್ಲ, ಪೊಲೀಸ್ನೋರ್ದು."

"ಯಾರಣ್ಣ ಬರೋದು?" ಅಂತ ತಂಗಿ ಕೇಳಲಿ. ಅವನು ಉತ್ತರ ಶುರು ಮಾಡಿ ನಡುವೆಯೇ ನಿಂತುಬಿಡಲಿ. ಯೋಚನೆ ಹಾಗೆ ಹಠಾತ್ತನೆ ಕಡಿದುಹೋಗುವುದೂ ಈ ಕಾಯಿಲೆಯಲ್ಲಿ ಉಂಟು. ಅವಳು ಎಲ್ಲಿಯವರೆಗೆ ಅವನ ಜೊತೆ ಹೋಗಬಲ್ಲಳು, ಎಲ್ಲಿ ಕೈ ತಪ್ಪುತ್ತದೆ, ಓದುಗರಿಗೆ ಅದು ಗೊತ್ತಾಗಬೇಕು.

ಮೂರನೇ ಪುಟದಲ್ಲಿ ಅವನು ರಾತ್ರಿಯಿಡೀ ನಿದ್ದೆ ಮಾಡದೆ, ಊರಿಗೊಂದು ಸಕ್ಕರೆ ಕಾರ್ಖಾನೆ ಕಟ್ಟುತ್ತೇನೆ ಅಂತ ಉಸಿರು ಬಿಡದೆ ಹೇಳುತ್ತಾನೆ. ಅದು ಮೇನಿಯಾಕ್ಕೆ, ಅಂದರೆ ಹುಮ್ಮಸ್ಸು ಮಿತಿಮೀರುವ ಬೇರೊಂದು ಮಾನಸಿಕ ಸ್ಥಿತಿಗೆ, ಹತ್ತಿರ. ಅಲ್ಲೂ ಮಾತು ಹಾರುತ್ತದೆ, ಆದರೆ ಆ ವೇಗ, ಆ ಹುಮ್ಮಸ್ಸು ಬೇರೆ. ಯಾವುದನ್ನು ಬರೆಯುತ್ತಿದ್ದೀರಿ ಅಂತ ಮೊದಲು ನೀವು ತೀರ್ಮಾನಿಸಿ.

ಕೊನೆಯಲ್ಲಿ ಅವನ ಬಾಯಿಂದ ಊರಿಗೆಲ್ಲ ಬುದ್ಧಿ ಹೇಳಿಸಿದ್ದೀರಿ. ದಯವಿಟ್ಟು ತೆಗೆಯಿರಿ. ಕುಡಿಯಲು ನೀರು ಬೇಕು ಅಂತ ಹೇಳುವುದೂ ಕಷ್ಟವಾಗಿರುವ ಮನುಷ್ಯ ಅವನು. ಅವನನ್ನು ಜ್ಞಾನಿ ಮಾಡಿದರೆ ಆ ಕಷ್ಟವೇ ಮರೆಯಾಗುತ್ತದೆ. ಮಂಡ್ಯದಲ್ಲಿ ಒಂದು ಇಂಜೆಕ್ಷನ್ ಕೊಟ್ಟ ಮಾರನೇ ದಿನವೇ ಎಲ್ಲ ಸರಿಹೋಗುವುದೂ ಸುಳ್ಳು. ಔಷಧಿ ಹಿಡಿದು ಮಾತು ತಿಳಿಯಾಗಲು ಸಾಮಾನ್ಯವಾಗಿ ವಾರಗಳೇ ಬೇಕು. ನೀವು ಹಾರಿಸಿಬಿಟ್ಟ ಆ ವಾರಗಳಲ್ಲೇ ತಂಗಿಯ ಕಥೆ ಇದೆ ಅಲ್ವಾ? ನಡುರಾತ್ರಿ ಅವಳು ಒಬ್ಬಳೇ ಅಳುವ ಕಡೆ, 14416ಕ್ಕೆ ಫೋನ್ ಮಾಡಿಸಿ. ಅದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅಣ್ಣ ಮಾತಾಡುವ ಭಾಗವನ್ನಷ್ಟೇ ಮೊದಲು ತಿದ್ದಿ ಕಳಿಸಿದರೂ ಸಾಕು. ಓದಿ ಬರೆಯುತ್ತೇನೆ.

ಇಂತಿ,
ಸಂಪಾದಕ